ಗಾಜಿನ ಆಚೆಯ ಕೊಪ್ಪರಿಗೆ

ಬೆಂಗಳೂರಿನ ಇಂದಿರಾನಗರದ 100 ಅಡಿ ರಸ್ತೆಯ ಕಡೆ ಊಟಕ್ಕೆಂದು ಹೋದ ಕುಟುಂಬಗಳಿಗೆ ಕೆಲವು ಕಡೆ ಒಂದು ವಿಶೇಷ ನೋಟ ಕಾಣಸಿಗುತ್ತದೆ. ಗಾಜಿನ ಗೋಡೆಯ ಆಚೆ ಆಳೆತ್ತರವನ್ನೂ ಮೀರಿದ, ಹಬ್ಬಕ್ಕೆ ಬೆಳಗಿಟ್ಟ ಕೊಪ್ಪರಿಗೆಯಂತೆ ಥಳಥಳಿಸುವ ಹಂಡೆಗಳು. ಅವುಗಳನ್ನು ಸುತ್ತಿದ ಕೊಳವೆಗಳು, ಕವಾಟಗಳು, ಉಷ್ಣತಾಮಾಪಕಗಳು. "ಅಪ್ಪಾ, ಅದರಲ್ಲಿ ಏನು ಬೇಯಿಸ್ತಾರೆ?" ಎಂದು ಮಗು ಕೇಳುತ್ತದೆ. "ಅದೆಲ್ಲ ದೊಡ್ಡವರದ್ದು, ನೀನು ಊಟ ಮಾಡು" ಎಂಬುದು ಸಾಮಾನ್ಯವಾಗಿ ದೊರೆಯುವ ಉತ್ತರ.

ಈ ಉತ್ತರ ತಪ್ಪಲ್ಲ, ಆದರೆ ಅರ್ಧ ಮಾತ್ರ. ಅಲ್ಲಿ ತಯಾರಾಗುವ ಬಿಯರ್ ಮಕ್ಕಳ ಪಾನೀಯವಲ್ಲ ಎಂಬುದು ನಿಜ. ಆದರೆ ಅದು ತಯಾರಾಗುವ ಬಗೆಯಲ್ಲಿ ಪ್ರೌಢಶಾಲೆಯಿಂದ ಪಿಯುಸಿವರೆಗಿನ ವಿಜ್ಞಾನದ ಹಲವು ಪಾಠಗಳು ಅಡಗಿವೆ: ಬೀಜದ ಮೊಳೆಯುವಿಕೆ, ಕಿಣ್ವಗಳು, ಆಮ್ಲಜನಕವಿಲ್ಲದ ಉಸಿರಾಟ, ದ್ರವಗಳ ಸಾಂದ್ರತೆ. ಮನೆಯಲ್ಲಿ ಉತ್ತರ ಸಿಗದ ಮಗು ಅದನ್ನು ಗೆಳೆಯರಿಂದಲೋ ಸಿನಿಮಾದಿಂದಲೋ ಪಡೆದುಕೊಳ್ಳುತ್ತದೆ. ಅಲ್ಲಿ ಸಿಗುವುದು ಬಿಯರಿನ ಬೆಡಗು ಮಾತ್ರ, ವಿಜ್ಞಾನವಲ್ಲ. ಆದ್ದರಿಂದ ಆ ಹಂಡೆಯ ಮುಚ್ಚಳ ತೆರೆದು ನೋಡುವುದು ಪೋಷಕರಿಗೂ ವಿದ್ಯಾರ್ಥಿಗಳಿಗೂ ಒಳ್ಳೆಯದು.

ದಂಡಿನಿಂದ ಬಂದ ಕಸುಬು

ಬೆಂಗಳೂರಿಗೂ ಬಿಯರಿಗೂ ನಂಟು ಹಳೆಯದು. 1809ರಲ್ಲಿ ಬ್ರಿಟಿಷರು ಹಲಸೂರಿನ ಆಸುಪಾಸಿನಲ್ಲಿ ತಮ್ಮ ದಂಡನ್ನು ನೆಲೆಗೊಳಿಸಿದರು. ಇಂಗ್ಲೆಂಡಿನಿಂದ ಹಡಗಿನಲ್ಲಿ ತಿಂಗಳುಗಟ್ಟಲೆ ಸಾಗಿ ಬರುತ್ತಿದ್ದ ಬಿಯರ್ ದುಬಾರಿಯಾಗಿತ್ತು, ದಾರಿಯಲ್ಲಿ ಕೆಡುವ ಭಯವೂ ಇತ್ತು. ಹೀಗಾಗಿ ದಕ್ಷಿಣ ಭಾರತದಲ್ಲಿಯೇ ಸಣ್ಣ ಸಣ್ಣ ಬ್ರೂವರಿಗಳು ಹುಟ್ಟಿಕೊಂಡವು. 1885ರ ಬೆಂಗಳೂರು ಬ್ರೂಯಿಂಗ್ ಕಂಪನಿ ಅವುಗಳಲ್ಲಿ ಒಂದು. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವರು ಇಂಥ ಐದು ಬ್ರೂವರಿಗಳನ್ನು ಒಟ್ಟುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಂಪನಿಯನ್ನು ಕಟ್ಟಿದರು. ಆ ದಿನಗಳಲ್ಲಿ ಸಿಪಾಯಿಗಳಿಗೆ ಬಿಯರ್ ತಲುಪುತ್ತಿದ್ದುದು ದೊಡ್ಡ ಮರದ ಪೀಪಾಯಿಗಳಲ್ಲಿ, ಎತ್ತಿನ ಗಾಡಿಗಳ ಮೇಲೆ.

ಮುಂದೆ ದೊಡ್ಡ ಕಾರ್ಖಾನೆ, ಬಾಟಲಿ, ಲಾರಿಗಳ ಕಾಲ ಬಂದಿತು. 2010ರ ದಶಕದ ಆರಂಭದಲ್ಲಿ ಚಕ್ರ ಮತ್ತೆ ಸಣ್ಣದರ ಕಡೆಗೆ ತಿರುಗಿತು. ಇಂದಿರಾನಗರದ ಟಾಯ್ಟ್, ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್‌ನಂಥ ಮೈಕ್ರೋ ಬ್ರೂವರಿಗಳು ಅಲ್ಲಿಯೇ ಕುದಿಸಿ, ಅಲ್ಲಿಯೇ ಹುದುಗಿಸಿ, ಅಲ್ಲಿಯೇ ಬಡಿಸತೊಡಗಿದವು. ಈ ಬಿಯರನ್ನು ಬಾಟಲಿಯ ಬಿಯರಿನಂತೆ ಪಾಶ್ಚರೀಕರಿಸುವುದು ವಾಡಿಕೆಯಲ್ಲ. ಆದ್ದರಿಂದ ಅದರ ಆಯುಸ್ಸು ಕಡಿಮೆ. ಒಂದು ರೀತಿಯಲ್ಲಿ ಇದು ದಂಡಿನ ಕಾಲದ ಸಣ್ಣ ಬ್ರೂವರಿಗಳ ಮರುಹುಟ್ಟು. ಆದರೆ ಅಂದಿನವರಿಗೆ ಗೊತ್ತಿಲ್ಲದಿದ್ದ ಬಹಳಷ್ಟು ಸಂಗತಿ ಇಂದಿನವರಿಗೆ ಗೊತ್ತಿದೆ. ಏನದು?

ಮೊಳಕೆಯಲ್ಲಿರುವ ಕತ್ತರಿ

ಬಿಯರಿಗೆ ಮೂಲ ವಸ್ತುಗಳು ನಾಲ್ಕು: ನೀರು, ಬಾರ್ಲಿ, ಹಾಪ್ಸ್ ಎಂಬ ಬಳ್ಳಿಯ ಹೂ, ಮತ್ತು ಯೀಸ್ಟ್. ಬಾರ್ಲಿ ಎಂದರೆ ಜವೆಗೋಧಿ. ಅದರ ಕಾಳಿನ ತುಂಬ ಇರುವುದು ಪಿಷ್ಟ. ಪಿಷ್ಟವೆಂದರೆ ಸಾವಿರಾರು ಗ್ಲೂಕೋಸ್ ಅಣುಗಳನ್ನು ಪೋಣಿಸಿದ ಉದ್ದನೆಯ ಸರ. ಯೀಸ್ಟಿಗೆ ಈ ಸರವನ್ನು ತಿನ್ನಲು ಬಾರದು; ಅದಕ್ಕೆ ಬೇಕಾದುದು ಬಿಡಿ ಮಣಿಗಳು, ಅಂದರೆ ಸಕ್ಕರೆ. ಹಾಗಾದರೆ ಸರವನ್ನು ಕತ್ತರಿಸುವವರು ಯಾರು?

ಕತ್ತರಿ ಕಾಳಿನೊಳಗೇ ಇದೆ. ಕಾಳನ್ನು ನೆನೆಸಿದಾಗ ಒಳಗಿನ ಭ್ರೂಣ ಎಚ್ಚರಗೊಂಡು ಜಿಬ್ಬರೆಲಿನ್ ಎಂಬ ಹಾರ್ಮೋನನ್ನು ಹೊರಬಿಡುತ್ತದೆ. ಅದು ಕಾಳಿನ ಹೊರಪದರದ ಜೀವಕೋಶಗಳಿಗೆ ಸಂದೇಶವಿದ್ದಂತೆ. ಆ ಕೋಶಗಳು ಅಮೈಲೇಸ್ ಎಂಬ ಕಿಣ್ವವನ್ನು ತಯಾರಿಸುತ್ತವೆ, ಅಮೈಲೇಸ್ ಪಿಷ್ಟವನ್ನು ಕತ್ತರಿಸುತ್ತದೆ. ಸಸಿಗೆ ಎಲೆ ಮೂಡಿ ತನ್ನ ಆಹಾರವನ್ನು ತಾನೇ ತಯಾರಿಸುವವರೆಗೆ ಇದು ಪ್ರಕೃತಿ ಕಟ್ಟಿಕೊಟ್ಟ ಬುತ್ತಿ. ಮನುಷ್ಯ ಮಾಡುವುದಿಷ್ಟೇ: ಬಾರ್ಲಿಯನ್ನು ಎರಡು ದಿನ ನೆನೆಸಿ, ನಾಲ್ಕೈದು ದಿನ ಮೊಳೆಯಿಸಿ, ಸಸಿ ಬುತ್ತಿ ಬಿಚ್ಚುವ ಮೊದಲೇ ಹದವಾದ ಬಿಸಿಗಾಳಿಯಲ್ಲಿ ಒಣಗಿಸಿಬಿಡುತ್ತಾನೆ. ಹೀಗೆ ಒಣಗಿಸಿದ ಮೊಳಕೆ ಕಾಳೇ ಮಾಲ್ಟ್.

ಈ ಹೆಸರು ಕನ್ನಡದ ಮನೆಗಳಿಗೆ ಹೊಸತಲ್ಲ. ಕೂಸುಗಳಿಗೆ ಕುಡಿಸುವ ರಾಗಿ ಮಾಲ್ಟ್ ತಯಾರಾಗುವುದೂ ಇದೇ ಬಗೆಯಲ್ಲಿ. ಮಾಲ್ಟ್ ಎಂದೊಡನೆ ಮದ್ಯವೆಂದು ಯಾರೂ ಬೆಚ್ಚಬೇಕಿಲ್ಲ. ಮಾಲ್ಟ್‌ನಲ್ಲಿ ಆಲ್ಕೊಹಾಲಿನ ಹನಿಯೂ ಇಲ್ಲ. ರಾಗಿಯನ್ನು ಮೊಳೆಯಿಸುವುದರಲ್ಲಿ ನಮ್ಮ ಅಜ್ಜಿಯರ ಜಾಣ್ಮೆ ಇದೆ. ಸಾಮಾನ್ಯ ಹಿಟ್ಟಿನ ಗಂಜಿ ಬೇಗನೆ ಗಟ್ಟಿಯಾಗುತ್ತದೆ. ಅದನ್ನು ನೀರು ಹಾಕಿ ತೆಳು ಮಾಡಿದರೆ ಕೂಸಿನ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬಿಬಿಡುತ್ತದೆ. ಮೊಳಕೆ ಹಿಟ್ಟಿನ ಗಂಜಿ ಕಿಣ್ವದ ದೆಸೆಯಿಂದ ತೆಳುವಾಗಿಯೇ ಉಳಿಯುವುದರಿಂದ ಒಂದು ಬಟ್ಟಲಿನಲ್ಲಿ ಹೆಚ್ಚು ಹಿಟ್ಟು, ಹೆಚ್ಚು ಶಕ್ತಿ ಕೂಸಿಗೆ ಸೇರುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಮೊಳಕೆ ರಾಗಿಯ ಶಿಶು ಆಹಾರವನ್ನು ಕುರಿತು ಸಂಶೋಧನೆ ನಡೆಸಿದ್ದು ಇದೇ ಕಾರಣದಿಂದ.

ಬಿಸಿಯ ಹದ, ಕಾಲದ ಹದ

ಈಗ ಗಾಜಿನ ಆಚೆಯ ಮೊದಲ ಹಂಡೆ. ಅದರಲ್ಲಿ ನುಚ್ಚಾಗಿ ಒಡೆದ ಮಾಲ್ಟನ್ನು ಬಿಸಿನೀರಿನೊಡನೆ ಕಲಸಿ ಸುಮಾರು ಒಂದು ಗಂಟೆ ಇಡುತ್ತಾರೆ. ಉಷ್ಣತೆ 62ರಿಂದ 68 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಕಡಿಮೆಯಾದರೆ ಕಿಣ್ವದ ಕೆಲಸ ಮಂದ. ಬಹಳ ಹೆಚ್ಚಾದರೆ ಕಿಣ್ವವೇ ಕೆಡುತ್ತದೆ, ಏಕೆಂದರೆ ಅದೊಂದು ಪ್ರೋಟೀನು. ಪಿಷ್ಟವೆಲ್ಲ ಸಕ್ಕರೆಯಾಯಿತೇ ಎಂದು ತಿಳಿಯಲು ಮಾಡುವ ಪರೀಕ್ಷೆ ಶಾಲಾ ಮಕ್ಕಳಿಗೆ ಗೊತ್ತಿರುವುದೇ: ಒಂದು ಹನಿ ದ್ರವಕ್ಕೆ ಒಂದು ಹನಿ ಅಯೊಡಿನ್. ಕಡುನೀಲಿ ಬಂದರೆ ಪಿಷ್ಟ ಉಳಿದಿದೆ, ಬಾರದಿದ್ದರೆ ಕೆಲಸ ಮುಗಿದಿದೆ. ಸೋಸಿ ತೆಗೆದ ಸಿಹಿ ರಸ ಮುಂದಿನ ಹಂಡೆಗೆ ಹೋಗುತ್ತದೆ. ಉಳಿದ ಜಿಗಟಿನಲ್ಲಿ ನಾರು ಮತ್ತು ಪ್ರೋಟೀನು ಹೇರಳ, ಹಾಗಾಗಿ ಅದು ಜಗತ್ತಿನ ಎಲ್ಲೆಡೆ ದನಗಳ ಮೇವಾಗುತ್ತದೆ.

ಎರಡನೆಯ ಹಂಡೆ ಮಂಡ್ಯದ ಆಲೆಮನೆಯ ಕೊಪ್ಪರಿಗೆಯನ್ನು ನೆನಪಿಸುತ್ತದೆ. ಇಲ್ಲಿ ಸಿಹಿ ರಸ ಒಂದು ಗಂಟೆಯಷ್ಟು ಹೊತ್ತು ಕುದಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದು 100 ಡಿಗ್ರಿಯಲ್ಲಲ್ಲ, ಸುಮಾರು 97 ಡಿಗ್ರಿಯಲ್ಲಿ ಎಂಬುದನ್ನು ಗಮನಿಸಿ. ಕುದಿಯುವಾಗ ಹಾಪ್ಸ್ ಹೂವನ್ನು ಸೇರಿಸುತ್ತಾರೆ. ಅದು ಕಹಿ ರುಚಿಯನ್ನು ಕೊಡುವುದಲ್ಲದೆ ಕೆಲವು ಬ್ಯಾಕ್ಟೀರಿಯಗಳನ್ನೂ ದೂರವಿಡುತ್ತದೆ.

ರಸವನ್ನು ತಣಿಸಿ ಮೂರನೆಯ ಹಂಡೆಗೆ ಹರಿಸಿ ಯೀಸ್ಟ್ ಸೇರಿಸಿದರೆ ಮನುಷ್ಯನ ಪಾಳಿ ಮುಗಿಯಿತು, ಸೂಕ್ಷ್ಮಜೀವಿಯ ಪಾಳಿ ಆರಂಭವಾಯಿತು. ಯೀಸ್ಟ್ ಒಂದೇ ಕೋಶದ ಶಿಲೀಂಧ್ರ. ಗಾಳಿ ಚೆನ್ನಾಗಿದ್ದರೆ ಅದು ಸಕ್ಕರೆಯನ್ನು ಪೂರ್ತಿ ಉರಿಸಿ ಇಂಗಾಲದ ಡೈ ಆಕ್ಸೈಡ್ ಮತ್ತು ನೀರನ್ನಾಗಿ ಮಾಡಬಲ್ಲದು. ಗಾಳಿಯಿಲ್ಲದ ಹಂಡೆಯಲ್ಲಿ ಅರ್ಧಂಬರ್ಧ ಉರಿಸುತ್ತದೆ. ಆಗ ಒಂದು ಗ್ಲೂಕೋಸ್ ಅಣುವಿನಿಂದ ಅದಕ್ಕೆ ದಕ್ಕುವ ಶಕ್ತಿ ಎರಡೇ ಎಟಿಪಿ ಅಣುಗಳಷ್ಟು. ಉರಿಯದೆ ಉಳಿದ ಭಾಗವೇ ಆಲ್ಕೊಹಾಲು. ಲೆಕ್ಕ ಖಚಿತ: 180 ಗ್ರಾಂ ಗ್ಲೂಕೋಸ್ ಪೂರ್ತಿ ಹುದುಗಿದರೆ 92 ಗ್ರಾಂ ಈಥೈಲ್ ಆಲ್ಕೊಹಾಲು, 88 ಗ್ರಾಂ ಇಂಗಾಲದ ಡೈ ಆಕ್ಸೈಡ್.

ಹುದುಗುವಿಕೆ ಎಲ್ಲಿಗೆ ಬಂತೆಂದು ತಿಳಿಯಲು ಬಳಸುವ ಹೈಡ್ರೋಮೀಟರು ಹಾಲು ಪರೀಕ್ಷಿಸುವ ಲ್ಯಾಕ್ಟೋಮೀಟರಿನ ಅಣ್ಣನಿದ್ದಂತೆ. ಸಕ್ಕರೆ ತುಂಬಿದ ರಸದ ಸಾಪೇಕ್ಷ ಸಾಂದ್ರತೆ 1.050 ಇದ್ದದ್ದು ಕೊನೆಗೆ 1.010ಕ್ಕೆ ಇಳಿದರೆ, ಆಲ್ಕೊಹಾಲಿನ ಪ್ರಮಾಣ ಶೇಕಡಾ 5ರ ಆಸುಪಾಸು ಎಂದು ಅರ್ಥ.

ಇಡ್ಲಿ ಹಿಟ್ಟು ಉಬ್ಬುವುದು ಇದರ ನೆಂಟಸ್ತಿಕೆಯ ಕ್ರಿಯೆ. ಅಲ್ಲಿ ಮುಖ್ಯ ಕೆಲಸಗಾರರು ಲ್ಯೂಕೊನಾಸ್ಟಾಕ್‌ನಂಥ ಬ್ಯಾಕ್ಟೀರಿಯಗಳು, ಮುಖ್ಯ ಉತ್ಪನ್ನ ಲ್ಯಾಕ್ಟಿಕ್ ಆಮ್ಲ. ಉಬ್ಬಿಸುವುದು ಅದೇ ಇಂಗಾಲದ ಡೈ ಆಕ್ಸೈಡ್. ಬೇಕರಿಯ ಬ್ರೆಡ್ಡಿನಲ್ಲಿ ದುಡಿಯುವುದಂತೂ ಬಿಯರಿನ ಯೀಸ್ಟಿನ ಜಾತಿಯದೇ. ಒಲೆಯ ಶಾಖಕ್ಕೆ ಅಲ್ಲಿಯ ಆಲ್ಕೊಹಾಲು ಬಹುತೇಕ ಹಾರಿಹೋಗುತ್ತದೆ.

ಬ್ರೂವರಿಗೆ ಹೋಗಿ ಬಂದವರು

ಬ್ರೂವರಿಗೆ ಹೋದವರೆಲ್ಲ ಕುಡಿಯಲೆಂದೇ ಹೋದವರಲ್ಲ. ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ 1767ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿಯ ಮನೆಯ ಪಕ್ಕದಲ್ಲೇ ಬ್ರೂವರಿ ಇತ್ತು. ಹುದುಗುವ ತೊಟ್ಟಿಯ ಮೇಲೆ ನಿಂತಿರುವ ಗಾಳಿ ಉರಿಯುವ ಕಡ್ಡಿಯನ್ನು ನಂದಿಸುವುದನ್ನು ಅವರು ಕಂಡರು. ಆ ಗಾಳಿಯನ್ನು ನೀರಿನಲ್ಲಿ ಕರಗಿಸಿದಾಗ ಸಿಕ್ಕಿದ್ದೇ ಸೋಡಾ ನೀರು. ಇದೇ ಪ್ರೀಸ್ಟ್ಲಿ ಮುಂದೆ ಆಮ್ಲಜನಕವನ್ನು ಕಂಡುಹಿಡಿದವರಲ್ಲಿ ಒಬ್ಬರಾದರು.

ಲೂಯಿ ಪಾಶ್ಚರ್ 1871ರಲ್ಲಿ ಲಂಡನ್ನಿನ ವಿಟ್‌ಬ್ರೆಡ್ ಬ್ರೂವರಿಗೆ ಹೋದಾಗ ಅವರ ಆಯುಧ ಸೂಕ್ಷ್ಮದರ್ಶಕ. ಕೆಟ್ಟ ಬಿಯರಿನಲ್ಲಿ ಯೀಸ್ಟಿನ ಜೊತೆಗೆ ಬೇರೆ ಸೂಕ್ಷ್ಮಜೀವಿಗಳೂ ಸೇರಿಕೊಂಡಿರುತ್ತವೆಂದು ಅವರು ತೋರಿಸಿಕೊಟ್ಟರು. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬ್ರೂವರಿ 1875ರಲ್ಲಿ ತೆರೆದ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸನ್ 1883ರಲ್ಲಿ ಒಂದೇ ಯೀಸ್ಟ್ ಕೋಶದಿಂದ ಶುದ್ಧ ತಳಿಯನ್ನು ಬೆಳೆಸಿದರು. ಅದೇ ಪ್ರಯೋಗಾಲಯದ ಸೊರೆನ್ಸನ್ 1909ರಲ್ಲಿ ಕೊಟ್ಟ ಪಿಎಚ್ ಮಾನವನ್ನು ಇಂದು ಮಣ್ಣು ಪರೀಕ್ಷೆಯಿಂದ ರಕ್ತ ಪರೀಕ್ಷೆಯವರೆಗೆ ಎಲ್ಲ ಕಡೆ ಬಳಸುತ್ತಾರೆ. ಡಬ್ಲಿನ್ನಿನ ಗಿನ್ನೆಸ್ ಬ್ರೂವರಿಯ ನೌಕರ ವಿಲಿಯಂ ಗಾಸೆಟ್ ತಮ್ಮ ಹೆಸರು ಮರೆಸಿ 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ 1908ರಲ್ಲಿ ಪ್ರಕಟಿಸಿದ ಲೇಖನವೇ ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಕಲಿಯುವ ಟಿ-ಪರೀಕ್ಷೆಗೆ ಮೂಲ. 1897ರಲ್ಲಿ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಅರೆದು ಹಿಂಡಿದ ರಸ ಮಾತ್ರದಿಂದಲೇ ಸಕ್ಕರೆ ಹುದುಗುವುದನ್ನು ತೋರಿಸಿದಾಗ ಜೀವರಸಾಯನಶಾಸ್ತ್ರಕ್ಕೆ ಹೊಸ ಬಾಗಿಲು ತೆರೆಯಿತು. ಅದಕ್ಕಾಗಿ ಅವರಿಗೆ 1907ರ ನೊಬೆಲ್ ಪ್ರಶಸ್ತಿ ದೊರೆಯಿತು.

ಇಂಥ ಒಂದು ಕಥೆ ಬೆಂಗಳೂರಿನಲ್ಲೂ ನಡೆದಿದೆ. ಯುನೈಟೆಡ್ ಬ್ರೂವರೀಸ್‌ನ ಮುಖ್ಯ ಬ್ರೂಮಾಸ್ಟರ್ ಆಗಿದ್ದ ರಸೇಂದ್ರ ಮಜುಂದಾರ್ ಅವರ ಮಗಳು ಕಿರಣ್, ಬೆಂಗಳೂರು ವಿಶ್ವವಿದ್ಯಾಲಯದಿಂದ ಪ್ರಾಣಿಶಾಸ್ತ್ರದಲ್ಲಿ ಬಿಎಸ್ಸಿ ಮುಗಿಸಿ ಆಸ್ಟ್ರೇಲಿಯದ ಬ್ಯಾಲರಾಟ್‌ಗೆ ಹೋಗಿ ಬ್ರೂಯಿಂಗ್ ಕಲಿತರು. ತರಗತಿಯಲ್ಲಿದ್ದ ಒಬ್ಬಳೇ ಹುಡುಗಿ ತರಗತಿಗೇ ಮೊದಲಿಗಳಾಗಿ 1975ರಲ್ಲಿ ಬ್ರೂಮಾಸ್ಟರ್ ಆದಳು. ಆದರೆ ಭಾರತದ ಬ್ರೂವರಿಗಳಲ್ಲಿ, ಇದು ಗಂಡಸರ ಕೆಲಸವೆಂಬ ಉತ್ತರವೇ ಎದುರಾಯಿತು. ಆ ಬಾಗಿಲು ಮುಚ್ಚಿದಾಗ ಅವರು ವಿದ್ಯೆಯನ್ನು ಬೇರೆ ದಾರಿಗೆ ತಿರುಗಿಸಿದರು. 1978ರಲ್ಲಿ ಕೋರಮಂಗಲದ ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ, ಹತ್ತು ಸಾವಿರ ರೂಪಾಯಿ ಬಂಡವಾಳದಲ್ಲಿ ಬಯೋಕಾನ್ ಇಂಡಿಯಾ ಆರಂಭವಾಯಿತು. ಮೊದಲು ತಯಾರಿಸಿದ್ದು ಪರಂಗಿಕಾಯಿಯ ಹಾಲಿನಿಂದ ಪಪಾಯಿನ್ ಎಂಬ ಕಿಣ್ವ, ಮೀನಿನ ಗಾಳಿಚೀಲದಿಂದ ಐಸಿಂಗ್ಲಾಸ್. ಎರಡೂ ಬಿಯರನ್ನು ತಿಳಿಯಾಗಿಸಲು ಬಳಸುವಂಥವು.

ಮುಂದೆ ಅದೇ ಕಂಪನಿ 2004ರಲ್ಲಿ ಮಾರುಕಟ್ಟೆಗೆ ತಂದದ್ದು ಇನ್ಸುಲಿನ್. ಅದನ್ನು ತಯಾರಿಸಲು ಆರಿಸಿಕೊಂಡದ್ದು ಯೀಸ್ಟನ್ನೇ, ಪಿಕಿಯಾ ಪಾಸ್ಟೋರಿಸ್ ಎಂಬ ಇನ್ನೊಂದು ಜಾತಿಯದನ್ನು. ಮನುಷ್ಯನ ಇನ್ಸುಲಿನ್ ತಯಾರಿಸುವ ಸೂತ್ರವನ್ನು ಅದರ ವಂಶವಾಹಿಯಲ್ಲಿ ಸೇರಿಸಿ, ಹೊಳೆಯುವ ಉಕ್ಕಿನ ಹಂಡೆಗಳಲ್ಲಿ ಬೆಳೆಸಿದರು. ಹಂಡೆ, ಉಷ್ಣತೆಯ ನಿಯಂತ್ರಣ, ಶುಚಿತ್ವದ ಶಿಸ್ತು, ಯೀಸ್ಟಿನ ಆರೈಕೆ ಇವೆಲ್ಲ ಬ್ರೂವರಿಯ ವಿದ್ಯೆಯೇ. ಹೊರಬಂದದ್ದು ಮಾತ್ರ ಮಧುಮೇಹಿಗಳ ಔಷಧ. ಮಗಳು ಯಾವ ವಿಷಯ ಓದಬೇಕು, ಯಾವುದು ಬೇಡ ಎಂದು ಮನೆಯಲ್ಲಿ ಚರ್ಚಿಸುವ ಪೋಷಕರು ಈ ಕಥೆಯನ್ನು ಒಮ್ಮೆ ನೆನೆಯಬಹುದು. ಕಲಿತ ವಿದ್ಯೆ ಯಾವ ಕಡೆ ಹರಿಯುತ್ತದೆಂದು ಮುಂಚಿತವಾಗಿ ಹೇಳಲಾಗದು.

ನೀರು ಎಲ್ಲಿಂದ, ಎಲ್ಲಿಗೆ?

ಬಿಯರಿನಲ್ಲಿ ಶೇಕಡಾ 90ಕ್ಕೂ ಹೆಚ್ಚು ಭಾಗ ನೀರು. ಹಂಡೆ, ಕೊಳವೆ ತೊಳೆಯುವುದೂ ಸೇರಿದರೆ ಒಂದು ಲೀಟರ್ ಬಿಯರಿಗೆ ನಾಲ್ಕೈದು ಲೀಟರ್ ನೀರು ಬೇಕು. ಸಣ್ಣ ಘಟಕಗಳಲ್ಲಿ ಇನ್ನೂ ಹೆಚ್ಚು. ಬೆಂಗಳೂರಿಗೆ ಕಾವೇರಿ ನೀರು ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ, ನೂರಾರು ಮೀಟರ್ ಎತ್ತರಕ್ಕೆ ಪಂಪು ಮಾಡಿ. 2024ರ ಮಾರ್ಚ್‌ನಲ್ಲಿ ಕೊಳವೆಬಾವಿಗಳು ಬತ್ತಿದಾಗ ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ ಐದು ಸಾವಿರ ರೂಪಾಯಿ ದಂಡವೆಂದು ಜಲಮಂಡಳಿ ಸಾರಬೇಕಾಯಿತು.

ಬಳಸಿದ ನೀರಿನ ದಾರಿಯೂ ತಿಳಿಯತಕ್ಕದ್ದು. ಹಲಸೂರು ಕೆರೆಯ ಸುತ್ತಲಿನ ನೀರು ಇಳಿಯುವುದು ಕೋರಮಂಗಲ-ಚಲ್ಲಘಟ್ಟ ಕಣಿವೆಗೆ. ಅಲ್ಲಿಂದ ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಗೆ. 2018ರಿಂದ ಈ ಕಣಿವೆಯ ಸಂಸ್ಕರಿಸಿದ ನೀರನ್ನು ಕೋಲಾರ ಜಿಲ್ಲೆಯ ಕೆರೆಗಳಿಗೂ ಹರಿಸಲಾಗುತ್ತಿದೆ. ಬ್ರೂವರಿಯ ತೊಳೆನೀರಿನಲ್ಲಿ ಸಕ್ಕರೆ, ಯೀಸ್ಟ್ ಇರುತ್ತವೆ. ಸಂಸ್ಕರಿಸದೆ ಬಿಟ್ಟರೆ ಬ್ಯಾಕ್ಟೀರಿಯಗಳು ಅದನ್ನು ತಿಂದು ಬೆಳೆದು ನೀರಿನ ಆಮ್ಲಜನಕವನ್ನೆಲ್ಲ ಹೀರುತ್ತವೆ, ಮೀನು ಸಾಯುತ್ತದೆ. ನಗರದಲ್ಲಿ ಚೆಲ್ಲಿದ್ದು ಕೊನೆಗೆ ಹಳ್ಳಿಯ ಕೆರೆಯನ್ನು ಸೇರುತ್ತದೆ.

ದೇಹದ ಲೆಕ್ಕ

ಇನ್ನು ಪೋಷಕರ ಮನಸ್ಸಿನಲ್ಲಿರುವ ಪ್ರಶ್ನೆ. ಬಿಯರ್ ಲಘು, ಅದರಿಂದ ಏನಾಗದು ಎಂಬ ಮಾತು ಕಾಲೇಜು ಮೆಟ್ಟಿಲು ಹತ್ತಿದ ಮಕ್ಕಳ ಕಿವಿಗೆ ಬಿದ್ದೇ ಬೀಳುತ್ತದೆ. ಇದಕ್ಕೆ ಬೈಗುಳಕ್ಕಿಂತ ಲೆಕ್ಕವೇ ಒಳ್ಳೆಯ ಉತ್ತರ.

ಶೇಕಡಾ 5ರ ಅರ್ಧ ಲೀಟರ್ ಬಿಯರಿನಲ್ಲಿ 25 ಮಿಲಿಲೀಟರ್, ಅಂದರೆ ಸುಮಾರು 20 ಗ್ರಾಂ ಆಲ್ಕೊಹಾಲು ಇರುತ್ತದೆ. ಅರವತ್ತು ಕಿಲೋ ತೂಕದ ವ್ಯಕ್ತಿಯ ದೇಹದಲ್ಲಿ ಸ್ಥೂಲವಾಗಿ 36 ಲೀಟರ್ ನೀರು. ಖಾಲಿ ಹೊಟ್ಟೆಯಲ್ಲಿ ಬೇಗನೆ ಕುಡಿದರೆ ನೂರು ಮಿಲಿಲೀಟರಿಗೆ ಸುಮಾರು 50 ಮಿಲಿಗ್ರಾಂ ಆಲ್ಕೊಹಾಲು ಸೇರಬಹುದು. ವಾಹನ ಚಾಲಕರಿಗೆ ಮೋಟಾರು ವಾಹನ ಕಾಯ್ದೆ ವಿಧಿಸಿರುವ ಮಿತಿ ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ. ಅಂದರೆ 'ಲಘು' ಎನ್ನುವ ಒಂದೇ ದೊಡ್ಡ ಲೋಟ ಆ ಮಿತಿಯನ್ನು ದಾಟಿಸಬಲ್ಲದು. ಯಕೃತ್ತು ಒಂದು ಗಂಟೆಗೆ ಹೊರಹಾಕಬಲ್ಲದ್ದು ಸುಮಾರು 7ರಿಂದ 10 ಗ್ರಾಂ. ಕಾಫಿ ಕುಡಿದರೂ ತಣ್ಣೀರು ಸುರಿದುಕೊಂಡರೂ ಈ ವೇಗ ಹೆಚ್ಚುವುದಿಲ್ಲ.

ಯಕೃತ್ತು ಆಲ್ಕೊಹಾಲನ್ನು ಮೊದಲು ಅಸಿಟಾಲ್ಡಿಹೈಡ್ ಆಗಿ ಪರಿವರ್ತಿಸುತ್ತದೆ. ಇದು ಜೀವಕೋಶದ ಡಿಎನ್ಎಗೆ ಹಾನಿ ಮಾಡುವ ವಸ್ತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲಿಯೇ ಮದ್ಯಗಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ಹದಿಹರೆಯದ ಮೆದುಳು ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಿರುವುದರಿಂದ ಅಪಾಯ ಆ ವಯಸ್ಸಿಗೇ ಹೆಚ್ಚು. ರಾಜ್ಯದ ಅಬಕಾರಿ ನಿಯಮಗಳು 21 ತುಂಬದವರಿಗೆ ಮದ್ಯ ಮಾರುವುದನ್ನು ನಿಷೇಧಿಸಿರುವುದು ಬರಿಯ ಕಟ್ಟುಪಾಡಲ್ಲ. ಯೀಸ್ಟ್ ಕೂಡ ತಾನು ತಯಾರಿಸಿದ ಆಲ್ಕೊಹಾಲು ಒಂದು ಪ್ರಮಾಣವನ್ನು ಮೀರಿದರೆ ಅದರಲ್ಲಿಯೇ ಸಾಯುತ್ತದೆ.

ಮನೆಯಲ್ಲಿ ಮಾಡಿ ನೋಡಿ

ಬ್ರೂವರಿಯ ಮೊದಲ ಹಂಡೆಯ ಪಾಠವನ್ನು ಅಡುಗೆಮನೆಯಲ್ಲೇ ಕಲಿಯಬಹುದು. ಒಂದು ಹಿಡಿ ರಾಗಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಎರಡು ದಿನ ಮೊಳೆಯಿಸಿ. ಬಿಸಿಲಿನಲ್ಲಿ ಒಣಗಿಸಿ, ಹುರಿಯದೆ ಪುಡಿ ಮಾಡಿ. ಹಿರಿಯರ ನೆರವಿನಿಂದ ಅಕ್ಕಿಹಿಟ್ಟಿನ ಗಟ್ಟಿ ಗಂಜಿ ಕಾಯಿಸಿ, ಸ್ವಲ್ಪ ಆರಿಸಿ, ಇನ್ನೂ ಚೆನ್ನಾಗಿ ಬಿಸಿಯಿರುವಾಗಲೇ ಮೂರು ಬಟ್ಟಲಿಗೆ ಸಮನಾಗಿ ಹಂಚಿ. ಮೊದಲನೆಯದಕ್ಕೆ ಒಂದು ಚಮಚ ಮೊಳಕೆ ರಾಗಿ ಪುಡಿ, ಎರಡನೆಯದಕ್ಕೆ ಅಷ್ಟೇ ಸಾದಾ ರಾಗಿ ಹಿಟ್ಟು, ಮೂರನೆಯದಕ್ಕೆ ಸ್ವಲ್ಪ ನೀರಿನಲ್ಲಿ ಐದು ನಿಮಿಷ ಕುದಿಸಿದ ಮೊಳಕೆ ಪುಡಿ ಹಾಕಿ ಕಲಕಿ. ಮೊದಲೆರಡು ಬಟ್ಟಲಿಗೂ ಅಷ್ಟೇ ನೀರು ಸೇರಿಸುವುದನ್ನು ಮರೆಯಬೇಡಿ. ಹತ್ತು ಹದಿನೈದು ನಿಮಿಷ ಬಿಟ್ಟು ಮೂರನ್ನೂ ಓರೆ ಮಾಡಿ ನೋಡಿ.

ಯಾವ ಬಟ್ಟಲಿನ ಗಂಜಿ ನೀರಿನಂತೆ ಹರಿಯಿತು? ಮೂರನೆಯದರಲ್ಲಿಯೂ ಮೊಳಕೆ ಪುಡಿಯೇ ಇದ್ದರೂ ಅದೇಕೆ ಹರಿಯಲಿಲ್ಲ? ಕಾರಣವನ್ನು ಮಕ್ಕಳೇ ಬರೆದು, ಮೇಲಿನ ಮೊದಲ ಹಂಡೆಯ ವಿವರಣೆಯೊಡನೆ ಹೋಲಿಸಲಿ. ಉಳಿದ ಗಂಜಿಯನ್ನು ಮತ್ತೊಮ್ಮೆ ಚೆನ್ನಾಗಿ ಕುದಿಸಿ, ಬೆಲ್ಲ ಹಾಲು ಬೆರೆಸಿ ಮನೆಮಂದಿಯೆಲ್ಲ ಕುಡಿಯಬಹುದು.